ಮಲ್ಲಿನಾಥ ಮಾಸ್ತರರ ಕಲ್ಲು ಹತ್ತುವ ಗಾಡಿ

ಜಲನಗರದಲ್ಲಿ ಯಾರಾದರೂ ಮನೆಗೆ ಹೊಸ ಗೇಟು ಕೂಡಿಸಿದರೆ ಮೊದಲು ಪೂಜೆ ಮಾಡುತ್ತಿದ್ದರು, ಆಮೇಲೆ ಮಲ್ಲಿನಾಥ ಮಾಸ್ತರರ ಬಾಯಿಗೆ ಹೆದರುತ್ತಿದ್ದರು. ಮುಂಜಾನೆ ವಾಕಿಂಗಿಗೆ ಹೊರಟ ಮಾಸ್ತರರು ಗೇಟಿನ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡಿ, “ಇದನ್ನ ಮಾಡಿದಾಂವಗ ಕಣ್ಣ ಇದ್ದುವೇನು?” ಎಂದು ಕೇಳಿ ಹೋಗಿಬಿಡುತ್ತಿದ್ದರು. ಅಷ್ಟೇ. ನೆಟ್ಟಗಿದ್ದ ಗೇಟು ಅವತ್ತಿನಿಂದ ಮನೆಯವರ ಕಣ್ಣಿಗೂ ಡೊಂಕಾಗಿ ಕಾಣುತ್ತಿತ್ತು.

ಬಬಲೇಶ್ವರದಲ್ಲಿ ಹುಟ್ಟಿ, ಒಂದು ಐಟಿಐಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಕೆಲಸ ಕಲಿಸಿ, ನಿವೃತ್ತರಾಗಿ ವಿಜಯಪುರದ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡವರು ಅವರು. ಹುಡುಗರು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಉಜ್ಜಿ ಎರಡು ಕಬ್ಬಿಣದ ತುಂಡು ಜೋಡಿಸಿ ತಂದರೆ, ಮಾಸ್ತರರು ಅದನ್ನು ಕಿಟಕಿಗೆ ಹಿಡಿಯುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತೋ, ನಪಾಸು. ಕಾಣದಿದ್ದರೆ ಏನೂ ಅನ್ನದೆ ಮುಂದಿನವನನ್ನು ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಲಲಿತಾಬಾಯಿಯ ರೊಟ್ಟಿಯ ಅಂಚಿಗೂ ಬೆರಳು ಆಡಿಸಿ “ಒಂದ ಕಡೆ ದಪ್ಪ” ಅಂದಿದ್ದರಂತೆ. “ಹಂಗಾದ್ರ ನಿಮ್ಮ ರೊಟ್ಟಿ ನೀವ ಬಡ್ಕೊಳ್ರಿ” ಎಂದು ಆಕೆ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ರೊಟ್ಟಿ ಸರಿಯಾಗಿತ್ತು, ಅಂದರೆ ಮಾಸ್ತರರ ಬಾಯಿ ಸರಿಯಾಗಿತ್ತು. ಅವರ ಆಯುಷ್ಯದಲ್ಲಿ ಹಾಗಾದದ್ದು ಅದೊಂದೇ ಸಲ.

ಇಂಥವರ ಬಾಯಿಗೆ ಸಿಕ್ಕವನು ಪಕ್ಕದ ಮನೆಯ ಶ್ರೀಮಂತ ಎಂಬವನು. ತೋಟಗಳಿಗೆ ನೀರಿನ ಪೈಪು ಮಾರುವ ವ್ಯಾಪಾರಿ. ಕೈಗೆ ಬಿಡುವು ಹೆಚ್ಚಾಗಿ, ರಿಮೋಟಿನಿಂದ ನಡೆಯುವ ಗಾಡಿಯೊಂದನ್ನು ತರಿಸಿಕೊಂಡಿದ್ದ. ಮೊಳದುದ್ದದ ಗಾಡಿ. ಓಡುವುದಿಲ್ಲ, ತೆವಳುತ್ತದೆ. ಬಂಡೆ ಹತ್ತುವುದೇ ಅದರ ಕಸುಬು. ಇದೇ ಹುಚ್ಚು ಹಿಡಿದ ಹತ್ತು ಹನ್ನೆರಡು ಮಂದಿ ರವಿವಾರಕ್ಕೊಮ್ಮೆ ಮಮದಾಪುರದ ಕೆರೆ ಏರಿಯ ಕಲ್ಲುಗಳ ಮೇಲೆ ಕೂಡುತ್ತಿದ್ದರು. ಇಬ್ಬರು ಡಾಕ್ಟರೂ ಇದ್ದರು ಅದರಲ್ಲಿ. ಕೈಕಾಲು ಗಟ್ಟಿಯಿದ್ದ ಗಂಡಸರು ತಾವು ಒಂದು ಮಹಡಿ ಏರಲು ಲಿಫ್ಟು ಹುಡುಕುತ್ತಾರೆ, ಆಟಿಕೆಯ ಗಾಡಿಗೆ ಮಾತ್ರ ಬಂಡೆ ಹತ್ತಿಸಿ ಬೆವರು ಒರೆಸಿಕೊಳ್ಳುತ್ತಾರೆ!

ಒಂದು ಮುಂಜಾನೆ ಚಹಾದಂಗಡಿಯ ಮುಂದೆ ಶ್ರೀಮಂತ ಆ ಗಾಡಿಯನ್ನು ಹೆಮ್ಮೆಯಿಂದ ಮೇಜಿನ ಮೇಲೆ ಇಟ್ಟ. ಮಾಸ್ತರರು ಮಗುಚಿ ಹಾಕಿ ಅದರ ಚಾಸಿ, ಅಂದರೆ ಅಡಿಯ ಚೌಕಟ್ಟು, ನೋಡಿದರು. “ಇದಕ್ಕ ಚಾಸಿ ಅಂತಾರೇನಪಾ? ತಗಡ. ಎಣ್ಣಿ ಡಬ್ಬಿ ಕತ್ತರಿಸಿ ಮಾಡ್ಯಾರ.”

ಶ್ರೀಮಂತನಿಗೆ ಸಿಟ್ಟು ನೆತ್ತಿಗೇರಿತು. “ಸರ್, ಮಂದಿ ಕೆಲಸಕ್ಕ ಹೆಸರಿಡೋದು ಸಸಾರ ಐತ್ರಿ. ನೀವ ಒಂದು ಮಾಡಿ ತೋರಸ್ರಿ. ಮುರದ ಹಳೇ ಗಾಡಿ ಒಂದ ಐತಿ, ಮೋಟರು, ಗಾಲಿ ಎಲ್ಲಾ ಅದರದ ತಗೋರಿ.”

“ಮಾಡೇ ಮಾಡ್ತೀನಿ. ಮಮದಾಪುರದ ಕಲ್ಲು ಹತ್ತಲಿಲ್ಲ ಅಂದ್ರ, ಸಾಯೂತನಕಾ ಯಾರ ಕೆಲಸಕ್ಕೂ ಹೆಸರಿಡೂದಿಲ್ಲ, ಹೋಗ!”

ಚಹಾ ಕುಡಿಯುತ್ತಿದ್ದ ಎಂಟು ಮಂದಿ ಸಾಕ್ಷಿ. ಸಂಜೆಯೊಳಗೆ ಸುದ್ದಿ ಜಲನಗರದ ಎಲ್ಲ ಓಣಿ ಸುತ್ತಿತು. ಮಾಸ್ತರರ ಬಾಯಿಗೆ ಬೀಗ ಬೀಳುವ ಆಸೆ ಮಂದಿಗೆ ಹಬ್ಬದಷ್ಟು ಹಿತವಾಗಿತ್ತು. ಮಾಸ್ತರರಿಗೆ ಮಾತ್ರ ಜೀವವೇ ಪಣಕ್ಕೆ ಬಿದ್ದಂತಿತ್ತು. ಹೀಗೆ ಹುಳುಕು ತೆಗೆದು ಹೆಸರಿಡುವುದು ಬಿಟ್ಟರೆ ಅವರ ಕೈಯಲ್ಲಿ ಉಳಿದದ್ದಾದರೂ ಏನು?

ಇಪ್ಪತ್ತಮೂರು ದಿನ ಅವರು ಹಿತ್ತಲಿನಲ್ಲಿ ಕಾನಸು ಎಳೆದರು. ಅಲ್ಯೂಮಿನಿಯಂ ಪಟ್ಟಿ ಕೊಯ್ದು ಎಡಬಲದ ಎರಡು ಹಲಗೆ ಮಾಡಿದರು. ಗಾಲಿಗಳ ಅಚ್ಚನ್ನು ಚಾಸಿಗೆ ಹಿಡಿಯುವ ಸಣ್ಣ ಸರಳುಗಳಿಗೆ ತೂತು ಕೊರೆದರು. ಬೋಲ್ಟು ಸುತ್ತಿಗೆಯಿಂದ ಬಡಿದರೇ ಒಳಗೆ ಹೋಗಬೇಕು, ಅಷ್ಟು ಬಿಗಿ. ಕೊನೆಗೆ ಬಟ್ಟೆ ಒಗೆಯುವ ಕಲ್ಲಿಗೆ ಹತ್ತಿಸಿ ನೋಡಿದರೆ, ಗಾಡಿ ನಾಯಿ ಕಾಲೆತ್ತಿದಂತೆ ಒಂದು ಗಾಲಿ ಎತ್ತಿ ನಿಂತು ಮಗುಚಿಬಿತ್ತು. ಮೂರು ಸಲವೂ ಅದೇ.

“ಈ ಕಲ್ಲ ಸರಿ ಇಲ್ಲ” ಅಂದರು ಮಾಸ್ತರರು.

“ಕುಣಿಯಾಕ ಬರಲಾರದಾಕಿ ಅಂಗಳ ಡೊಂಕ ಅಂದಿದ್ಲಂತ” ಅಂದರು ಲಲಿತಾಬಾಯಿ, ಬಕೀಟು ಎತ್ತಿಕೊಂಡು.

ಮರುದಿನ ಮಾಸ್ತರರು ಗಾಡಿಯನ್ನು ಚೀಲದಲ್ಲಿ ಹಾಕಿಕೊಂಡು ತಿಕೋಟಾ ಬಸ್ಸು ಹತ್ತಿದರು. ಅಲ್ಲಿ ಹಳೆಯ ಶಿಷ್ಯ ಬಂದೇನವಾಜನ ವರ್ಕ್‌ಶಾಪು. ಟ್ರ್ಯಾಕ್ಟರಿನ ಟ್ರೇಲರು, ದ್ರಾಕ್ಷಿ ತೋಟಕ್ಕೆ ಬೇಕಾದ ಕಬ್ಬಿಣದ ಕಂಬ, ಎಲ್ಲ ಮಾಡುತ್ತಿದ್ದ. ಐಟಿಐಯಲ್ಲಿ ಮಾಸ್ತರರು ಅವನನ್ನು ಎರಡು ಸಲ ನಪಾಸು ಮಾಡಿದ್ದರು. ಈಗ ಅವನ ಟ್ರೇಲರಿಗಾಗಿ ಕಳ್ಳಕವಟಗಿಯ ರೈತರು ತಿಂಗಳುಗಟ್ಟಲೆ ಕಾಯುತ್ತಾರೆ. ಸಹಾಯ ಕೇಳುವುದು ಮಾಸ್ತರರ ಜಾತಕದಲ್ಲೇ ಇರಲಿಲ್ಲ. “ಚಾಸಿ ಅಂದ್ರ ಏನಂತ ನೋಡಿ ಕಲಕೋ ಲೇ” ಎಂದು ಅವನ ಮುಂದೆ ಇಟ್ಟರು.

ಬಂದೇನವಾಜ ಒಂದು ಗಾಲಿ ಹಿಡಿದು ಎತ್ತಿದ. ಇಡೀ ಗಾಡಿ ಮರದ ತುಂಡಿನಂತೆ ಮೇಲೆದ್ದಿತು. ಅವನಿಗೆ ತಿಳಿಯಿತು. ಮಾಸ್ತರರ ಮುಖ ನೋಡಿ ಮೆಲ್ಲಗೆ ಹೇಳಿದ: “ಕೆಲಸ ಭಾರಿ ಐತ್ರಿ ಸರ್ರ. ಆದ್ರ ಕೀಲು ಬಿಗಿ ಆಗ್ಯಾವ್ರಿ. ಹೊಲದಾಗ ಇಳಿಯೂ ಟ್ರೇಲರಿಗೂ ನಾವು ಒಂದಿಷ್ಟು ಸಡಿಲ ಬಿಡ್ತೀವ್ರಿ. ಕಲ್ಲ ಹೆಂಗ ಐತೋ ಗಾಲಿ ಹಂಗ ಬಾಗಬೇಕಲ್ರಿ.”

ತೂತುಗಳನ್ನು ಒಂದಿಷ್ಟು ಹಿಗ್ಗಿಸಿದ, ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಬಿಟ್ಟು, ಕಳಚಿ ಬೀಳದಂತೆ ಹಿಂದೆ ಇನ್ನೊಂದು ನಟ್ಟು ಕೂಡಿಸಿದ. ಮಾಸ್ತರರು ಮುಖ ಆಚೆ ತಿರುಗಿಸಿ ನಿಂತಿದ್ದರು. ಆಮೇಲೆ ಅಂಗಡಿ ಮುಂದಿನ ಕಲ್ಲಿನ ರಾಶಿಯನ್ನು ಗಾಡಿ ನಾಲ್ಕೂ ಗಾಲಿ ಊರಿ ಸರಸರ ಹತ್ತಿತು. ಬಂದೇನವಾಜ ಅವರ ಬಾಯಿಯನ್ನೇ ನೋಡಿದ.

“ಅಲುಗಾಡತೈತಿ” ಅಂದರು ಮಾಸ್ತರರು. ಬಸ್ಸು ಹಿಡಿದು ಹೋದರು.

ರವಿವಾರ ಅರ್ಧ ಜಲನಗರ ಮಮದಾಪುರದ ಏರಿಯ ಮೇಲಿತ್ತು. ಬಂದೇನವಾಜನೂ ಕೆಲಸ ಬಿಟ್ಟು ಬೈಕಿನ ಮೇಲೆ ಬಂದಿದ್ದ. ಇನ್ನೇನು ಗಾಡಿ ಬಿಡಬೇಕು, ಶ್ರೀಮಂತ ಅದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಟಕಟ ಅಂದಿತು.

“ಏನ್ರಿ ಸರ್, ಮುದುಕನ ಹಲ್ಲಿನಂಗ ಅಲುಗಾಡಾಕತ್ತೈತಿ! ಇದನ್ನ ನೀವ ಮಾಡಿದ್ದೇನ್ರಿ?”

ಏರಿಯ ತುಂಬ ನಗೆ. ಜೀವಮಾನವಿಡೀ ಮಂದಿಗೆ ಉಣಬಡಿಸಿದ್ದರಲ್ಲಿ ಒಂದೇ ಒಂದು ತುತ್ತು ತಮ್ಮ ಬಾಯಿಗೆ ಬಂದರೆ ಮಾಸ್ತರರಿಗೆ ನುಂಗಲಾಗಲಿಲ್ಲ. ಕಿಸೆಯಿಂದ ನಟ್ಟು ಬಿಗಿಯುವ ಪಾನಾ ತೆಗೆದರು.

ಬಂದೇನವಾಜ ಓಡಿ ಬಂದ. “ಬ್ಯಾಡ್ರಿ ಸರ್ರ! ಹತ್ತತೈತ್ರಿ, ಹಂಗ ಇರ್ಲಿ!”

“ನಪಾಸ ಆದಾಂವ ನನಗ ಕಲಸ್ತಿಯೇನ ಲೇ?”

ಒಂದೊಂದಾಗಿ ಎಲ್ಲ ನಟ್ಟುಗಳನ್ನೂ ಹಲ್ಲು ಕಚ್ಚಿ ಬಿಗಿದರು. ಅಲ್ಲಾಡಿಸಿ ತೋರಿಸಿದರು. ಸಪ್ಪಳವಿಲ್ಲ. ಮಂದಿ ತೆಪ್ಪಗಾದರು, ಮಾಸ್ತರರ ಮುಖಕ್ಕೆ ಕಳೆ ಬಂತು. ಆ ಕಳೆ ಎರಡನೆಯ ಕಲ್ಲಿನ ತನಕ ಇತ್ತು. ಅಲ್ಲಿ ಗಾಡಿ ಒಂದು ಗಾಲಿ ಎತ್ತಿತು, ಅಂಗಾತ ಬಿತ್ತು.

ಒಂದು ಮಾತು ಮೆಚ್ಚಬೇಕು, ಮಾಸ್ತರರು ಕೊಟ್ಟ ಮಾತು ಮುರಿಯಲಿಲ್ಲ. ಜಲನಗರದಲ್ಲಿ ಆಮೇಲೆ ಎಂಥೆಂಥ ಸೊಟ್ಟ ಕೆಲಸ ನಡೆದವು, ಅವರು ನೆಲ ನೋಡಿಕೊಂಡು ನಡೆದರು. ಮಂದಿಗೆ ಹಾಯೆನಿಸಿತು. ಮನೆಯಲ್ಲೂ ಮಾತು ನಿಂತವು.

ಎರಡು ತಿಂಗಳ ಮೇಲೆ ಬಂದೇನವಾಜ ಟಾವೆಲ್ಲಿನಲ್ಲಿ ಏನೋ ಸುತ್ತಿಕೊಂಡು ಮನೆಗೆ ಬಂದ. ಬಿಚ್ಚಿದರೆ ಒಂದು ಚಾಸಿ. ಯಂತ್ರ ಮುಟ್ಟದೆ, ಬರೇ ಕಾನಸಿನಿಂದ ಮಾಡಿದ್ದು. ಮಾಸ್ತರರು ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. ಬಿಗಿ ಇರಬೇಕಾದಲ್ಲಿ ಬಿಗಿ ಇತ್ತು, ಬಾಗಬೇಕಾದಲ್ಲಿ ಬಾಗುತ್ತಿತ್ತು. ಮೊಸರಿನಲ್ಲಿ ಕಲ್ಲು ಹುಡುಕುವ ಆ ಕಣ್ಣಿಗೂ ಒಂದು ಕಲ್ಲು ಸಿಗಲಿಲ್ಲ.

“ಹೆಂಗ ಆಗೇತ್ರಿ ಸರ್ರ?” ಅಂದ. ನಲವತ್ತು ದಾಟಿದ ಗಂಡಸು, ಮೂರನೆಯ ಸಲ ಪರೀಕ್ಷೆಗೆ ಕೂತಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದ.

ಮಾಸ್ತರರು ಬಿಟ್ಟಿದ್ದು ಹೆಸರಿಡುವುದನ್ನು ಮಾತ್ರ. ಹೊಗಳಬೇಡಿ ಅಂತ ಯಾರೂ ಅಂದಿರಲಿಲ್ಲ. ಬಾಯಿ ತೆರೆದರು. ಅದಕ್ಕೆ ಬೇಕಾದ ಮಾತನ್ನು ಅರವತ್ತೆಂಟು ವರ್ಷದಲ್ಲಿ ಅವರು ಒಮ್ಮೆಯೂ ಆಡಿರಲಿಲ್ಲ, ಗಂಟಲಿಗೆ ಅದರ ದಾರಿಯೇ ಗೊತ್ತಿರಲಿಲ್ಲ. ಚಾಸಿಯನ್ನು ಇನ್ನೊಮ್ಮೆ ಹೊರಳಿಸಿ ಕೆಳಗಿಟ್ಟರು. ಲಲಿತಾಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

ಬಂದೇನವಾಜ ಚಹಾ ಕುಡಿದು ಮುಗಿಸಿದ. “ಇರ್ಲಿ ಬಿಡ್ರಿ ಸರ್ರ” ಎಂದು ಚಾಸಿಯನ್ನು ಮತ್ತೆ ಟಾವೆಲ್ಲಿನಲ್ಲಿ ಸುತ್ತಿಕೊಂಡು ಎದ್ದು ಹೋದ.

ಬೈಕಿನ ಸಪ್ಪಳ ಓಣಿ ದಾಟಿತು. ಆಗ ಮಾಸ್ತರರು, “ಛಲೋ ಆಗೇತಿ” ಅಂದರು.

“ನನ್ನ ಮುಂದ ಯಾಕ ಹೇಳ್ತೀರಿ?” ಅಂದರು ಲಲಿತಾಬಾಯಿ. “ಅಂವ ಹೋದಾ.”