ಬಂದರು ಬಂಗಲೆಯ ಹಡಗಿನ ಮೂತಿ

ದೆವ್ವ ಕಂಡೆ, ಶಕುನ ಕಂಡೆ ಎಂದವರಿಗೆ ‘ಒಂದು ಲೋಟ ಮಜ್ಜಿಗೆ ಕುಡಿ, ಪಿತ್ತ ಇಳಿಯುತ್ತದೆ’ ಎಂದು ಚೇಷ್ಟೆ ಮಾಡುತ್ತಿದ್ದವನು ನಾನು. ಈಗಲೂ ಬೇರೆಯವರ ಕಥೆ ನಂಬುವುದಿಲ್ಲ. ನನ್ನದನ್ನು ನೀವೂ ನಂಬಬೇಕಾಗಿಲ್ಲ.

ಎರಡನೇ ಮಹಾಯುದ್ಧದ ಕಾಲ. ಹೆಂಚು ತುಂಬಿಕೊಂಡು ಮುಂಬಯಿಗೆ ಹೋದ ಭಾವನ ಹಾಯಿಹಡಗು, ನಮ್ಮ ಕಡೆಯ ಮಚವೆ, ತಿರುಗಿ ಬಂದಿರಲಿಲ್ಲ. ಒಂದು ಮಳೆಗಾಲ ಕಾದು, ಬರುವ ಅಮಾವಾಸ್ಯೆಗೆ ಅವನ ಉತ್ತರಕ್ರಿಯೆ ಮುಗಿಸುವುದೆಂದು ಅಪ್ಪ ನಿಶ್ಚಯಿಸಿದ. ಅಂದೇ ಅಕ್ಕನ ಬಳೆ ಒಡೆಯಬೇಕು. ಭಟ್ಟರನ್ನು ಗೊತ್ತುಮಾಡಲು ನಾನು ನಮ್ಮೂರು ಬೆಳಕೆಯಿಂದ ಹೊನ್ನಾವರಕ್ಕೆ ಹೊರಟರೆ, ಅಕ್ಕನೂ ಜತೆಗೆ ಬಂದಳು.

ಭಟ್ಟರು ಒಪ್ಪಿದರು. ಆದರೆ ತಿರುಗಿ ಹೋಗಬೇಕಾದ ಇದ್ದಿಲ ಅನಿಲದಲ್ಲಿ ಓಡುವ ಬಸ್ಸು ಕೆಟ್ಟು ನಿಂತಿತ್ತು. ಬಿಸಿಲು ತಪ್ಪಿಸಲು ಅಕ್ಕನನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಹಳೆಯ ಬಂದರು ಕಚೇರಿ ಅದು. ಊರವರ ಬಾಯಲ್ಲಿ ‘ಹಳೇ ಸಾಮಾನಿನ ಬಂಗಲೆ’. ಹೊರಗಿನ ಚಾವಡಿಯಲ್ಲಿ ವೀರಗಲ್ಲು, ತುಕ್ಕು ತಿಂದ ಫಿರಂಗಿ. ಮುಖ್ಯ ಕಟ್ಟಡದ ನಟ್ಟನಡುವೆ, ಅಜ್ಜನ ಕಾಲಕ್ಕೂ ಹಿಂದಿನ ಯಾವುದೋ ಹಡಗಿನ ಮುಂತುದಿ, ಮರದ ಮೂತಿ. ಒಣಗಿ ಬಿರುಕು ಬಿಟ್ಟಿತ್ತು. ನಾನೇ ಬೆರಳಿಟ್ಟು ಧೂಳು ನೋಡಿದ್ದೆ.

ಮಚವೆ ಹೊರಡುವಾಗ, ಹೋದವನು ಸುಖವಾಗಿ ತಿರುಗಿ ಬರಲೆಂದು ಹೆಂಡತಿ ಮುಡಿಯ ಹೂ ತೆಗೆದು ಅದರ ಮೂತಿಗೆ ಇಡುವುದು ನಮ್ಮ ಮನೆಯ ಕ್ರಮ. ಭಾವ ಹೊರಟ ದಿನ ಅಕ್ಕ ಜ್ವರದಲ್ಲಿ ಮಲಗಿದ್ದಳು, ಹೂ ಇಟ್ಟಿರಲಿಲ್ಲ. ಈಗ ಸರಸರನೆ ಹೋಗಿ ಮುಡಿಯ ಅಬ್ಬಲಿಗೆಯನ್ನು ಆ ಮರದ ಮೇಲೆ ಇಟ್ಟಳು.

“ಎಂತ ಮಾಡ್ತೆ ಅಕ್ಕಾ?” ಎಂದವನು ಅಲ್ಲಿಗೇ ನಿಂತೆ. ಹೂವಿನ ಕೆಳಗಿನಿಂದ ನೀರು ಇಳಿಯುತ್ತಿತ್ತು.

ತಲೆಯೆತ್ತಿ ಹೆಂಚಿನ ಮಾಡನ್ನು ನೋಡಿದೆ. ಹೆಂಚು ಬಿಸಿಲಿಗೆ ಕಾದು ಹೋಗಿತ್ತು, ಎಲ್ಲೂ ಪಸೆಯಿಲ್ಲ. ಹನಿಯೊಂದನ್ನು ನಾಲಿಗೆಗೆ ಹಚ್ಚಿದರೆ ಉಪ್ಪು. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಕಾವಲುಗಾರ ಬಂದು “ಊಟದ ಹೊತ್ತಾತು, ಬಾಗ್ಲು ಹಾಕ್ತೆ” ಎಂದವನು ನೀರು ಕಂಡು ಕೈಮುಗಿದು ಹಿಂದೆ ಸರಿದ. ಅಕ್ಕ ಮಾತ್ರ ನಗುತ್ತಿದ್ದಳು.

“ತಮಾ, ಅವ್ರಿಗೆ ಎಂತದೂ ಆಗ್ಲಿಲ್ಲ. ಭಟ್ರು ಬರೂದು ಬ್ಯಾಡ.”

ಮನೆಯಲ್ಲಿ ಇದನ್ನು ಕೇಳಿದ ಅವ್ವ ಎದೆ ಬಡಿದುಕೊಂಡು ಅತ್ತಳು. “ಮುಳುಗಿದವ್ನೇ ಹೂ ತಕಂಡು ಹೋಗೂಕೆ ಬಂದನಲ್ಲೇ!” ಎಂದಳು. ಮಗಳಿಗೆ ಜೀವ ತೋರಿಸಿದ ನೀರು ತಾಯಿಗೆ ಸಾವು ತೋರಿಸಿತ್ತು. ನೀರನ್ನು ಕಣ್ಣಾರೆ ಕಂಡ ನನಗೆ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಅಕ್ಕ ಹಟ ಬಿಡಲಿಲ್ಲ, ಕ್ರಿಯೆ ನಡೆಯಲಿಲ್ಲ. ಭಾವ ಬರಲೂ ಇಲ್ಲ. ಅವಳ ತಲೆ ಈಗ ಪೂರಾ ನರೆತಿದೆ. ಮೊನ್ನೆ ಬಳೆಗಾರ ಅಂಗಳಕ್ಕೆ ಬಂದಾಗ, ಮನೆಯ ಹುಡುಗಿಯರಿಗಿಂತ ಮೊದಲು ಕೈ ಚಾಚಿ ಕೂತವಳು ಅವಳೇ.