ಕಲಿಯದ ಯಂತ್ರ ಹೇಳಿದ ಐದು ಅಂಕಿ

ಕಂಪ್ಯೂಟರ್ ತಾನಾಗಿ ಏನೋ ಹೇಳಿತು ಎಂದು ಯಾರಾದರೂ ಕಥೆ ಕಟ್ಟಿದರೆ, ಮೊದಲು ವೋಲ್ಟೇಜ್ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದವನು ನಾನು. ಹಾಗಂತ ಧೈರ್ಯವಂತನೇನಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಈಗಲೂ ಅರ್ಧ ದಾರಿಯಿಂದ ಮನೆಗೆ ಹಿಂತಿರುಗುತ್ತೇನೆ. ಅಂಥ ಪುಕ್ಕಲನ ಕೈಯಲ್ಲೇ ಆ ತಪ್ಪು ನಡೆಯಿತು.

ತೊಂಬತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ನಮ್ಮ ಸಂಶೋಧನಾ ತಂಡವೆಂದರೆ ಗೈಡ್, ನಾನು, ಒಂದು ಕಂಪ್ಯೂಟರ್. ಎರಕದ ಕಬ್ಬಿಣದಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಕೊಟ್ಟರೆ ಅದರ ಗಡಸುತನವನ್ನು ಊಹಿಸಿ ಹೇಳುವ ನ್ಯೂರಲ್ ನೆಟ್‌ವರ್ಕ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಮ್ಮ ವಿಷಯ. ಹಳೆಯ ವಿವರಗಳನ್ನು ಸಾವಿರಾರು ಸಲ ತೋರಿಸಿ ಅದಕ್ಕೆ ಕಲಿಸಬೇಕು. ಕಲಿಸುವ ಮುನ್ನ ಏನು ಕೊಟ್ಟರೂ ಒಂದೇ ಥರದ ಅರ್ಥವಿಲ್ಲದ ಅಂಕಿ ಉಗುಳುತ್ತದೆ.

ವಿವರಗಳು ಬರುತ್ತಿದ್ದುದು ಹರಿಹರದ ಒಂದು ಫೌಂಡ್ರಿಯಿಂದ. ದಾವಣಗೆರೆಯ ಕೆ.ಬಿ. ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ ಮಾತಿಗೆ ಗೋಡೆಯೇ ಗತಿಯಾದ್ದರಿಂದ, ಕೆಲಸವಿಲ್ಲದಿದ್ದರೂ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದೆ. ಕುಲುಮೆಯ ಮೇಸ್ತ್ರಿ ಹನುಮಂತಪ್ಪ ಕರಗಿದ ಕಬ್ಬಿಣದಿಂದ ಬೆಣೆಯಂಥ ಸಣ್ಣ ತುಂಡು ಎರೆದು, ಆರಿಸಿ, ಸುತ್ತಿಗೆಯಲ್ಲಿ ಮುರಿದು, ಬಿಳುಪು ಹೆಚ್ಚಿದ್ದರೆ ಗಡಸು ಎಂದು ಮುರಿದ ಮೈ ನೋಡಿಯೇ ತಿಳಿದು, ಎರಕ ಹುಯ್ಯಲು ಅಪ್ಪಣೆ ಕೊಡುತ್ತಿದ್ದರು. "ಬರ್ರಿ ಸರ, ಕೂಡ್ರಿ. ನಿಮ್ ಮಿಷನ್ನಿಗೆ ಅಕ್ಷರಾಭ್ಯಾಸ ಮುಗೀತೋ ಇನ್ನೂ ಐತೋ?" ಎಂದು ತಮ್ಮ ಮಂಡಕ್ಕಿಯಲ್ಲಿ ಅರ್ಧ ನನ್ನ ಕಡೆ ಸರಿಸುತ್ತಿದ್ದರು. ಎರಡೂ ಊರು ಸೇರಿ ನನಗಿದ್ದ ಸ್ನೇಹ ಅಷ್ಟೇ.

ಒಮ್ಮೆ ಅಲ್ಲಿಂದ ಹೋದ ಎರಕಗಳಲ್ಲಿ ಕೆಲವು ಕಲ್ಲಿನಷ್ಟು ಗಡುಸಾಗಿ, ಗಿರಾಕಿಯ ಲೇತ್‌ನಲ್ಲಿ ಕಡೆಯುವಾಗ ಉಳಿಗಳೆಲ್ಲ ಮುರಿದವು. ಮೇಸ್ತ್ರಿಗೆ ಕಣ್ಣು ಮಂಜಾಗಿದೆ ಎಂದು ಮಾಲೀಕರು ತೀರ್ಮಾನಿಸಿದರು. ಐದು ಸಲ ಕರಗಿಸಿದ ಕಬ್ಬಿಣದ ವಿವರವನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು. "ಅವನ ಮಾತು ಬ್ಯಾಡ, ನಿಮ್ ಕಂಪ್ಯೂಟರ್ ಏನಂತೈತೆ ನೋಡ್ರಿ. ಐದೂ ಕೆಟ್ಟಾವು ಅಂದ್ರೆ ನಾಳಿಂದ ಮೇಸ್ತ್ರಿ ಮನ್ಯಾಗೆ ಇರ್ಲಿ." ಚೀಟಿಯಲ್ಲಿ ತಾರೀಕುಗಳಿರಲಿಲ್ಲ.

ಭಾನುವಾರ ಮಧ್ಯಾಹ್ನ, ಕಾಲೇಜಿನಲ್ಲಿ ಯಾರೂ ಇಲ್ಲದಾಗ, ಒಬ್ಬನೇ ಕೂತು ವಿವರ ತುಂಬಿದೆ. ನಾಲ್ಕು ಸರಿ, ಮೂರನೆಯದು ಮಾತ್ರ ವಿಪರೀತ ಗಡಸು ಎಂದು ಪ್ರಿಂಟರ್ ಕಿರಿಚಿತು. ಸೋಮವಾರ ಕಾಗದ ಕೊಟ್ಟಾಗ ಮಾಲೀಕರು ರಿಜಿಸ್ಟರ್ ತೆರೆದು ತಾರೀಕು ಹುಡುಕಿದರು. ಮೂರನೆಯದನ್ನು ಹುಯ್ದ ದಿನ ಹನುಮಂತಪ್ಪ ರಜೆ ಹಾಕಿ, ತಂಗಿ ಮಗಳ ನಿಶ್ಚಿತಾರ್ಥಕ್ಕೆಂದು ಕುಕ್ಕುವಾಡಕ್ಕೆ ಹೋಗಿದ್ದರು. ವಾರದ ನಂತರ ಗಿರಾಕಿಯಿಂದ ವಾಪಸ್ ಬಂದ ಎರಕಗಳನ್ನು ನಮ್ಮ ಲ್ಯಾಬಿನಲ್ಲೇ ಅಳೆದೆವು. ಐದೂ ಆ ಕಾಗದದಲ್ಲಿದ್ದಂತೆಯೇ ಬಂದವು. ಮೇಸ್ತ್ರಿಯ ಕೆಲಸ ಉಳಿಯಿತು.

ಕಾಗದದ ನಮ್ಮ ಪ್ರತಿಯನ್ನು ಫೈಲಿಗೆ ಸೇರಿಸುವಾಗ, ಯಾವ ಫ್ಲಾಪಿಯ ಉತ್ತರವೆಂದು ಅದರ ತಲೆಯ ಮೇಲೆ ಅಚ್ಚಾಗಿದ್ದ ಸಾಲು ಓದಿದೆ. ಕಲಿಸಿದ ನೆಟ್‌ವರ್ಕ್ ಒಂದು ಫ್ಲಾಪಿಯಲ್ಲಿ, ಕಲಿಸುವ ಮುಂಚಿನದು ಇನ್ನೊಂದರಲ್ಲಿ ಇರುತ್ತಿತ್ತು. ನಾನು ಹಾಕಿದ್ದು ಕಲಿಸುವ ಮುಂಚಿನದನ್ನು. ಅದೇ ಫ್ಲಾಪಿ ಹಾಕಿ ಅದೇ ಚೀಟಿ ತುಂಬಿದರೆ ಐದಕ್ಕೂ ಒಂದೇ ಥರದ ಅಂಕಿ. ತಲೆಸಾಲೇ ತಪ್ಪಿರಬಹುದೆಂದು ಕಲಿಸಿದ ಫ್ಲಾಪಿಯನ್ನೂ ಹಾಕಿ ನೋಡಿದೆ. ಅದು ಐದೂ ಕೆಟ್ಟಿವೆ ಎಂದಿತು. ಅಂದರೆ ನಾನು ಅಂದು ಸರಿಯಾಗಿ ಕೆಲಸ ಮಾಡಿದ್ದರೆ ಹನುಮಂತಪ್ಪ ಮನೆಗೆ ಹೋಗಿರುತ್ತಿದ್ದರು.

ಗೈಡ್‌ಗೆ ಹೇಳಲು ಧೈರ್ಯ ಬರಲಿಲ್ಲ. ಹನುಮಂತಪ್ಪನವರಿಗಂತೂ ಹೇಗೆ ಹೇಳಲಿ? "ಸತ್ಯ ಹೇಳೋ ಮಿಷನ್ ಐತಿ ಸರ ಅದು. ನನ್ನೊಮ್ಮೆ ಕರ್ಕಂಡ್ ಹೋಗ್ರಿ, ಒಂದ್ ಕಾಯಿ ಒಡೀತೀನಿ" ಎಂದು ಹೋದಾಗಲೆಲ್ಲ ಕೇಳುತ್ತಿದ್ದರು. ಕೊನೆಗೊಮ್ಮೆ, ಅದು ಕೆಟ್ಟು ರಿಪೇರಿಗೆ ಹೋಗಿದೆ ಎಂದುಬಿಟ್ಟೆ.

"ಪಾಪ. ಆರಾಮಾದ ಮ್ಯಾಲೆ ಹೇಳ್ರಿ."

ಹೇಳಲಿಲ್ಲ. ಹರಿಹರದ ಬಸ್ಸು ಹತ್ತುವುದನ್ನೇ ಬಿಟ್ಟು, ಉಳಿದ ವಿವರಗಳನ್ನು ಅಂಚೆಯಲ್ಲಿ ತರಿಸಿಕೊಂಡೆ. ಆ ಅಂಕಿಗಳು ಎಲ್ಲಿಂದ ಬಂದವೋ ಈವರೆಗೂ ಗೊತ್ತಿಲ್ಲ. ಆಮೇಲಿನ ಎರಡು ವರ್ಷ ಭಾನುವಾರಗಳಂದು ಕಲಿಸದ ಫ್ಲಾಪಿ ಹಾಕಿ ಆ ಯಂತ್ರದ ಎದುರು ಒಬ್ಬನೇ ಕೂರುತ್ತಿದ್ದೆ. ಅದೂ ಮತ್ತೆ ಏನೂ ಹೇಳಲಿಲ್ಲ.