ಸಿಂದಗಿ ಕುದುರೆಯ ಕಿವಿ

ಆ ನೋಟುಬುಕ್ಕು ಈಗಲೂ ನನ್ನ ಬಳಿ ಇದೆ. ರಟ್ಟು ಹರಿದಿದೆ. ಮೊದಲ ನಲವತ್ತಾರು ಪುಟಗಳಲ್ಲಿ ನಾಲ್ಕು ಕುದುರೆಗಳ ವಿವರ ನನ್ನ ಅಕ್ಷರದಲ್ಲಿದೆ. ಆಮೇಲಿನ ಅಕ್ಷರ ನನ್ನದಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯಲು ನೋಡುತ್ತೇನೆ. ನಡುವೆ ಎಲ್ಲಾದರೂ ಸಿಟ್ಟು ಬಂದರೆ ಅದು ನನ್ನ ಮೇಲಿನ ಸಿಟ್ಟು.

ಎಪ್ಪತ್ತರ ದಶಕದ ನಡುವಿನ ಮಾತು. ಬಾಗೇವಾಡಿಯಿಂದ ನಾಲ್ಕು ಮೈಲು ದೂರದ ಹಳ್ಳಿಯಲ್ಲಿ ನಾನು ಕನ್ನಡ ಶಾಲೆಯ ಮಾಸ್ತರ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಏಳನೆಯದರ ಪರೀಕ್ಷೆಗೆ ಹೊರಗಿನಿಂದ ಕೂಡಬೇಕೆಂದು ಹಟ ಹಿಡಿದಿದ್ದಳು. ನಾನು ಕಲಿಸಲು ಕೂತರೆ ಜಗಳವಾಗುತ್ತಿತ್ತು. ಅದಕ್ಕೆ ವಾರಕ್ಕೆ ಮೂರು ದಿನ ಸಂಜೆ ಬಾಗೇವಾಡಿಯ ನಿವೃತ್ತ ಶಿಕ್ಷಕಿಯೊಬ್ಬರ ಮನೆಗೆ ಲೆಕ್ಕ ಕಲಿಯಲು ಹೋಗುತ್ತಿದ್ದಳು. ಹೋಗುತ್ತಿದ್ದದ್ದು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ. ನನ್ನ ಸೈಕಲ್ಲು ಎಂದೆ. ಅದು ಅವಳ ತಂದೆ ಮದುವೆಯಲ್ಲಿ ಕೊಟ್ಟದ್ದು. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಟಾಂಗಾದವರು ತಮ್ಮ ತಮ್ಮಲ್ಲೇ ಒಂದು ಓಟ ಗೊತ್ತು ಮಾಡಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ: ಊರಿಗೊಂದು ಟಾಂಗಾ. ಬಿಜಾಪುರ ರಸ್ತೆಯ ಮೂರನೆಯ ಮೈಲುಗಲ್ಲಿನಿಂದ ಹೊರಟು, ಬಾಗೇವಾಡಿಯ ಬಸ್ ಸ್ಟ್ಯಾಂಡ್ ದಾಟಿ, ಆಚೆಯ ಬಾವಿ ಮುಟ್ಟಬೇಕು. ಜನ ಪಂತ ಕಟ್ಟಿದರು. ರೊಕ್ಕದ ಪಂತವೆಂದರೆ ಜೂಜು, ಪೊಲೀಸರು ಬರುತ್ತಾರೆ. ಸಾಮಾನಿನ ಪಂತವೆಂದರೆ ಮರ್ಯಾದೆ. ಅದು ನಮ್ಮ ಕಡೆಯ ನ್ಯಾಯ. ಕಂಬಳಿ, ಕೊಡೆ, ತಾಮ್ರದ ಹಂಡೆ, ಏನು ಒಡ್ಡುತ್ತೀರೋ ಅದನ್ನು ಓಟದ ದಿನ ಬೆಳಿಗ್ಗೆಯೇ ಬಾಗೇವಾಡಿಯ ಚಹಾದಂಗಡಿಯಲ್ಲಿ ತಂದಿಡಬೇಕು.

ಆ ಅಂಗಡಿಯ ಪಕ್ಕ ಕೂತು ಬಟ್ಟೆ ಹೊಲಿಯುತ್ತಿದ್ದ ಶಿಂಪಿಗನೇ ನನ್ನನ್ನು ಎಳೆದದ್ದು.

"ಮಾಸ್ತರ್ರ, ನೀವು ಕಟ್ಟೂದಿಲ್ಲೇನ್ರಿ?"

"ನೋಡದ ಕಟ್ಟಾಂವ ಅಲ್ಲ ನಾ."

"ನೋಡ್ರಿ, ನೋಡ್ರಿ. ನೀವು ನೋಡಿ ಮುಗಿಸೂದ್ರಾಗ ಕುದುರಿ ಮುದುಕ ಆಗಿರತಾವು."

ಕೂತವರು ನಕ್ಕರು. ನನಗೆ ಚುಚ್ಚಿತು. ಮರುದಿನವೇ ನೋಟುಬುಕ್ಕು ಕೊಂಡೆ.

ಮೊದಲು ಹೋದದ್ದು ಮುದ್ದೇಬಿಹಾಳಕ್ಕೆ. ಅಲ್ಲಿಯದು ಗಿಡ್ಡನೆಯ ಕಪ್ಪು ಹೆಣ್ಣುಕುದುರೆ. ಬೇವಿನ ಮರದ ಕೆಳಗೆ ಮೇವು ತಿನ್ನುತ್ತಿತ್ತು, ನನ್ನ ಕಡೆ ನೋಡಲೂ ಇಲ್ಲ. ನೋಡಿದ ಕೂಡಲೇ 'ಗೆಲ್ಲುವುದು ಇದೇ' ಅನಿಸಿತು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಹೇಳಲು ಬಾರದ್ದನ್ನು ನಂಬಬಾರದೆಂದು ಆಗ ನಂಬಿದ್ದೆ. ಎತ್ತರ ಕಡಿಮೆ, ಕಿವಿ ಜೋಲು, ಉತ್ಸಾಹವಿಲ್ಲ ಎಂದು ಬರೆದು ಬಸ್ಸು ಹತ್ತಿದೆ.

ಆಮೇಲಿನ ಒಂದು ತಿಂಗಳು ರವಿವಾರ ಬಂತೆಂದರೆ ಬಸ್ಸು. ಕುದುರೆಗಳ ಮುಂಗಾಲನ್ನು ದಾರದಿಂದ ಅಳೆದೆ. ಹಲ್ಲು ನೋಡಿದೆ. ಹುರುಳಿ ಎಷ್ಟು, ಲಾಳ ಹೊಡೆಸಿ ಎಷ್ಟು ದಿನ, ಎಲ್ಲ ಕೇಳಿದೆ. ಇಪ್ಪತ್ತು ತಂತಿಕಂಬ ದಾಟಲು ಎಷ್ಟು ಹೊತ್ತು, ನಿಂತ ಮೇಲೆ ಉಸಿರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗಡಿಯಾರ ಹಿಡಿದು ಬರೆದೆ. ಇಂಡಿಯ ಟಾಂಗಾದವನು ನನ್ನನ್ನು ಜಾನುವಾರು ಡಾಕ್ಟರೆಂದು ತಿಳಿದು ತನ್ನ ಆಕಳನ್ನೂ ತೋರಿಸಿದ. ನಾಲ್ಕು ಕುದುರೆಗೂ ಪರೀಕ್ಷೆಯ ಪತ್ರಿಕೆಗೆ ಹಾಕಿದಂತೆ ಅಂಕ ಹಾಕುತ್ತ ಹೋದೆ.

ಸಿಂದಗಿಗೆ ಎರಡು ಸಲ ಹೋದೆ. ಅಲ್ಲಿಯ ಬಸ್ ಸ್ಟ್ಯಾಂಡಿನೆದುರು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆ. ಕಂದು ಬಣ್ಣದ ಗಂಡುಕುದುರೆ, ಉದ್ದ ಕಾಲು. ಕಲಬುರ್ಗಿ ಬಸ್ಸು ಹಾರ್ನ್ ಹೊಡೆದರೆ ಸಾಕು, ಎರಡೂ ಕಿವಿ ನಿಮಿರುತ್ತಿದ್ದವು. ಮಾಲೀಕ ಲಗಾಮು ಮುಟ್ಟುವ ಮೊದಲೇ ಹೊರಟುಬಿಡುತ್ತಿತ್ತು. ಇಪ್ಪತ್ತೊಂದನೆಯ ಪುಟದಲ್ಲಿ ಹೀಗೆ ಬರೆದಿದ್ದೇನೆ: 'ಹಾರ್ನಿಗೆ ಕಿವಿ ನಿಮಿರುತ್ತದೆ. ಹೇಳುವ ಮೊದಲೇ ಓಡುತ್ತದೆ. ಬಹಳ ಚುರುಕು.' ಚುರುಕಿಗೆ ಹತ್ತಕ್ಕೆ ಹತ್ತು.

ಮಾಲೀಕ ವಯಸ್ಸಾದವನು. ಬೀಡಿ ಸೇದುತ್ತ ನನ್ನ ಬರವಣಿಗೆ ನೋಡುತ್ತಿದ್ದ.

"ಕಾಕಾ, ಇದು ಗೆಲ್ತೈತೇನು?" ಎಂದು ಕೇಳಿದೆ.

"ಓಡೂದು ಓಡ್ತೈತ್ರಿ. ಆದ್ರ ಇದು ನೌಕರಿ ಕುದುರಿ ಐತಿ, ಮಾಸ್ತರ್ರ. ಹನ್ನೊಂದು ವರ್ಷ ಇದ ಬಸ್ ಸ್ಟ್ಯಾಂಡಿನಾಗ ದುಡದೈತಿ."

ಅದನ್ನೂ ಬರೆದುಕೊಂಡೆ. ಅದರ ಮುಂದೆ, 'ಮಾಲೀಕ ಗುಟ್ಟು ಬಿಟ್ಟುಕೊಡುವುದಿಲ್ಲ. ಒಳಗೆ ಭರವಸೆ ಇದೆ' ಎಂದು ಸೇರಿಸಿದೆ. ಅವನು ಇದ್ದದ್ದನ್ನು ಇದ್ದಂತೆ ಹೇಳಿದ್ದ.

ಓಟದ ಮುನ್ನಾದಿನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಹತ್ತಿರ ಕೂತು ಇಪ್ಪತ್ತೊಂದನೆಯ ಪುಟವನ್ನು ದೊಡ್ಡ ದನಿಯಲ್ಲಿ ಓದಿದೆ. ಅವಳು ಕೈ ನಿಲ್ಲಿಸಿದಳು.

"ಅಲ್ರೀ, ಅದು ಬಸ್ಸಿನ ಕಡೆ ಓಡೂ ಕುದುರಿ. ಬಸ್ ಇಲ್ದಾಗ ಎತ್ತಾಗ ಓಡ್ತೈತಿ?"

"ನಿನಗ ಇದೆಲ್ಲ ತಿಳಿಯೂದಿಲ್ಲ."

"ನನಗ ಲೆಕ್ಕ ತಿಳಿಯೂದಿಲ್ಲ. ಕುದುರಿ ತಿಳಿತೈತಿ," ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ನಾನೇನು ಒಡ್ಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಶಿಂಪಿಗ ತನ್ನ ಟ್ರಾನ್ಸಿಸ್ಟರ್ ಇಡುತ್ತೇನೆ ಎಂದಿದ್ದ. ಅದಕ್ಕೆ ಸರಿದೂಗುವ ಸಾಮಾನು ನನ್ನಲ್ಲಿ ಒಂದೇ ಇತ್ತು. ನನಗೆ ಟ್ರಾನ್ಸಿಸ್ಟರ್ ಬೇಕಾಗಿರಲಿಲ್ಲ. ನಲವತ್ತಾರು ಪುಟ ಸುಳ್ಳಾಗಬಾರದಿತ್ತು, ಅಷ್ಟೇ. ಬೆಳಿಗ್ಗೆ "ಸೈಕಲ್ ಪಂಚರ್ ಆಗೇತಿ, ಹಾಕಿಸ್ಕೊಂಡು ಬರ್ತೇನಿ" ಎಂದು ಹೇಳಿ ಅದನ್ನು ದಬ್ಬಿಕೊಂಡು ಹೊರಟೆ. ಹಳ್ಳಿ ದಾಟುವವರೆಗೆ ಹತ್ತಲಿಲ್ಲ. ಸುಳ್ಳನ್ನೂ ಅಷ್ಟು ಎಚ್ಚರದಿಂದ ನಡೆಸಿದೆ.

ಚಹಾದಂಗಡಿಯಲ್ಲಿ ಶಿಂಪಿಗನನ್ನು ಕೇಳಿದೆ: "ನಿಂದು ಯಾವ ಕುದುರಿ?"

"ಮುದ್ದೇಬಿಹಾಳದ್ದರಿ."

ಬೇವಿನ ಮರದ ಕೆಳಗಿನ ಆ ಕಪ್ಪು ಕುದುರೆ. "ಯಾಕ? ಏನ್ ನೋಡಿ?"

"ನೋಡೂದೇನ್ರಿ? ಅದರ ಮಾಲಕ ನನ್ನ ಗಿರಾಕಿ. ಮೊನ್ನಿ ಎರಡು ಅಂಗಿ ಹೊಲಿಸ್ಯಾನು."

ಆಗಲೂ ಬದಲಿಸಬಹುದಿತ್ತು, ಪಂತ ಬಿಡಬಹುದಿತ್ತು. ನೋಟುಬುಕ್ಕು ತೆರೆದು ಒಟ್ಟು ಅಂಕಗಳನ್ನು ಇನ್ನೊಮ್ಮೆ ಕೂಡಿಸಿದೆ. ಸರಿಯಾಗಿದ್ದವು. ಸೈಕಲ್ಲನ್ನು ಗೋಡೆಗೆ ಆನಿಸಿದೆ.

ನಾನು ಬಸ್ ಸ್ಟ್ಯಾಂಡಿನ ಗೇಟಿನ ಹತ್ತಿರ ನಿಂತಿದ್ದೆ. ಮೊದಲು ಧೂಳು ಕಂಡಿತು, ಆಮೇಲೆ ಸಿಂದಗಿಯ ಕಂದು ಕುದುರೆ. ಹಿಂದಿನ ಟಾಂಗಾ ಎರಡು ತಂತಿಕಂಬದಷ್ಟು ದೂರ ಉಳಿದಿತ್ತು. ನಾನು ಬರೆದಂತೆಯೇ ಹೆಜ್ಜೆ, ನಾನು ಬರೆದಂತೆಯೇ ಉಸಿರು. ಪಕ್ಕದವರ ಹೆಗಲು ಹಿಡಿದು ಕೂಗಿದೆ.

ಅದೇ ಹೊತ್ತಿಗೆ ಸ್ಟ್ಯಾಂಡಿನಿಂದ ಒಂದು ಬಸ್ಸು ಹೊರಟಿತು. ಗೇಟಿನ ತುಂಬ ಜನ. ಡ್ರೈವರ್ ಹಾರ್ನ್ ಹೊಡೆದ.

ಕುದುರೆಯ ಎರಡೂ ಕಿವಿ ನಿಮಿರಿದವು. ಅದನ್ನು ನನ್ನ ಕಣ್ಣಾರೆ ಕಂಡೆ. ಅದು ಓಟ ನಿಧಾನ ಮಾಡಿತು, ರಸ್ತೆ ಬಿಟ್ಟಿತು, ಜನ ಸರಿದು ದಾರಿ ಕೊಟ್ಟರು, ಒಳಗೆ ಬಂತು. ಬಸ್ಸಿನ ಬಾಗಿಲಿನ ಹತ್ತಿರ ಚಂದಾಗಿ ತಿರುಗಿ, ಪ್ಯಾಸೆಂಜರ್ ಹತ್ತಲು ಅನುಕೂಲವಾಗುವಂತೆ ಟಾಂಗಾದ ಹಿಂಭಾಗವನ್ನು ಬಾಗಿಲಿಗೆ ಕೊಟ್ಟು ನಿಂತಿತು. ಮಾಲೀಕ ಲಗಾಮು ಜಗ್ಗಿದ, ಒದರಿದ, ಇಳಿದು ತಳ್ಳಿದ. ಅದು ಕದಲಲಿಲ್ಲ. ಬಸ್ಸಿನೊಳಗಿನಿಂದ ಒಬ್ಬ ಮುದುಕಿ ತಲೆ ಹೊರಗೆ ಹಾಕಿ, "ಎಪ್ಪಾ, ನಾವು ಇಳಿಯೂದಿಲ್ಲೋ, ಈಗ ಹೊಂಟೇವಿ" ಎಂದಳು. ಎಲ್ಲರೂ ನಗುತ್ತಿರುವಾಗ ಹೊರಗೆ ರಸ್ತೆಯಲ್ಲಿ ಗಿಡ್ಡನೆಯ ಕಪ್ಪು ಕುದುರೆ ಜೋಲುಗಿವಿಯಲ್ಲೇ ಹಾದುಹೋಯಿತು.

ಮಾಲೀಕ ನನ್ನನ್ನು ಗುರುತು ಹಿಡಿದ. "ನಾ ಹೇಳಿದ್ನೆಲ್ರಿ ಮಾಸ್ತರ್ರ, ನೌಕರಿ ಕುದುರಿ ಅಂತ," ಎಂದು ಕುದುರೆಯ ಬೆನ್ನು ಚಪ್ಪರಿಸಿದ. ಅವನಿಗೆ ಅಷ್ಟೇನೂ ಬೇಸರವಾದಂತೆ ಕಾಣಲಿಲ್ಲ.

ನಾಲ್ಕು ಮೈಲು ನಡೆದು ಮನೆಗೆ ಬಂದೆ. ಹೆಂಡತಿ ಪಾಟಿಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅಂದು ಪಾಠದ ದಿನ. ನನ್ನ ಹಿಂದೆ ನೋಡಿದಳು. "ಪಂಚರ್ ಇನ್ನೂ ಆಗಿಲ್ಲೇನ್ರಿ?"

ಹೇಳಿದೆ. ಎಲ್ಲವನ್ನೂ, ಪುಟದ ಸಂಖ್ಯೆಯ ಸಮೇತ ಹೇಳಿದೆ. ಅವಳು ಬಯ್ಯಲಿಲ್ಲ. "ಅಪ್ಪಗ ಏನ್ ಹೇಳ್ಲಿ?" ಎಂದಷ್ಟೇ ಕೇಳಿ ಚೀಲವನ್ನು ಗೂಟಕ್ಕೆ ಹಾಕಿದಳು. ಈಗ ಬರೆಯುವಾಗಲೂ ಆ ಗೂಟದ ಸದ್ದಿಗೆ ಬಂದು ಸ್ವಲ್ಪ ನಿಲ್ಲಬೇಕಾಯಿತು.

ಎರಡು ವಾರ ನಡೆದೇ ಹೋದೆವು. ಆಮೇಲೆ ವಾರಕ್ಕೊಮ್ಮೆ ಆಯಿತು. ಬಿಸಿಲು ಏರಿದ ಮೇಲೆ ಅದೂ ನಿಂತಿತು. ಅವಳು ಪರೀಕ್ಷೆಗೆ ಕೂತಳು; ಕನ್ನಡದಲ್ಲಿ ಪಾಸಾಗಿ ಲೆಕ್ಕದಲ್ಲಿ ನಪಾಸಾದಳು. ಮುಂದಿನ ವರ್ಷ ನನ್ನನ್ನು ಏನೂ ಕೇಳದೆ ತಾನೇ ಓದಿಕೊಂಡು ಪಾಸಾದಳು.

ಓದಿಕೊಂಡದ್ದು ಇದೇ ನೋಟುಬುಕ್ಕಿನಲ್ಲಿ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಖಾಲಿ ಪುಟ ಯಾಕೆ ಹಾಳು ಮಾಡಬೇಕು ಎಂದಿರಬೇಕು. ನಲವತ್ತೇಳನೆಯ ಪುಟದಲ್ಲಿ ಅವಳೇ ಮಾಡಿಕೊಂಡ ಮೊದಲ ಲೆಕ್ಕವಿದೆ: 'ನಾಲ್ಕು ಮೈಲು ದಾರಿ. ಸೈಕಲ್ಲಿಗೆ ಅರ್ಧ ತಾಸು. ನಡೆದರೆ ಒಂದೂವರೆ ತಾಸು. ವಾರಕ್ಕೆ ಮೂರು ಸಲ ಹೋಗಿ ಬಂದರೆ ಹೆಚ್ಚಿಗೆ ಹಿಡಿದ ವೇಳೆ ಎಷ್ಟು?' ಕೆಳಗೆ ಉತ್ತರ: ಆರು ತಾಸು.

ಸರಿಯಾಗಿದೆ. ಎರಡು ಸಲ ಮಾಡಿ ನೋಡಿದೆ.